ಹೇಗ್ ಕೋರ್ಟು ಹೇಳಿದ್ದನ್ನು ದೇಶಗಳು ಕೇಳಲೇಬೇಕಾ? ನಮ್ಮ ಬೋಟಿನವರಿಗೆ ಅದರಿಂದ ಎಂತ ಸಿಗುತ್ತದೆ?

ಮಲ್ಪೆ ದಕ್ಕೆ:

ನಮಸ್ಕಾರ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ರಜೆಯಲ್ಲಿ ಆಳಸಮುದ್ರ ಬೋಟುಗಳ ತಾಂಡೇಲರಿಗೆ (ಬೋಟು ನಡೆಸುವವರು), ಕಲಾಸಿಗಳಿಗೆ (ಬೋಟಿನ ಕೆಲಸದವರು) ಒಂದು ಮಾಹಿತಿ ಸಭೆ ಇಟ್ಟುಕೊಂಡಿದ್ದೇವೆ. ಬೇರೆ ದೇಶದ ಹಡಗು ಬೋಟಿಗೆ ಗುದ್ದಿದರೆ, ಬೇರೆ ದೇಶದವರು ಬೋಟು ಹಿಡಿದುಕೊಂಡು ಹೋದರೆ, 2012ರಲ್ಲಿ ಕೇರಳದ ಬೋಟಿಗೆ ಆದ ಹಾಗೆ ಗುಂಡು ಹಾರಿಸಿದರೆ ನ್ಯಾಯ ಎಲ್ಲಿ ಕೇಳಬೇಕು ಎಂಬುದು ವಿಷಯ.

ಬರುವ ಪ್ರಶ್ನೆಗಳು ಈಗಲೇ ಗೊತ್ತುಂಟು. ಹೇಗ್‌ನಲ್ಲಿ ಅಷ್ಟು ದೊಡ್ಡ ಕೋರ್ಟು ಇರುವಾಗ ನೇರ ಅಲ್ಲಿಗೇ ಯಾಕೆ ಹೋಗಬಾರದು? ಪಾಕಿಸ್ತಾನ ಗಲ್ಲುಶಿಕ್ಷೆ ವಿಧಿಸಿದ್ದ ಭಾರತೀಯ ಜಾಧವ್ ಪ್ರಕರಣದಲ್ಲಿ ಪಾಕಿಸ್ತಾನವನ್ನು ಎಳೆದ ಹಾಗೆ ಯಾವ ದೇಶವನ್ನು ಬೇಕಾದರೂ ಎಳೆಯಬಹುದಾ? ಕೇರಳದ ಬೋಟಿಗೆ ಗುಂಡು ಹಾರಿಸಿದ ಇಟಲಿಯ ನೌಕಾ ಸೈನಿಕರು ಊರಿಗೆ ಹೋದರಲ್ಲ, ಹಾಗಾದರೆ ನಾವು ಸೋತದ್ದಾ ಗೆದ್ದದ್ದಾ? ಕೊನೆಗೆ, ಪೊಲೀಸರೇ ಇಲ್ಲದ ಕೋರ್ಟಿನ ಮಾತು ಯಾರು ಕೇಳುತ್ತಾರೆ? ತಿಳಿದವರು ವಿವರವಾಗಿ ಬರೆಯಿರಿ. ಸಭೆಯಲ್ಲಿ ತಪ್ಪು ಹೇಳಬಾರದು.

ಕೊಡಿಯಾಲ್‌ಬೈಲ್:

ದಕ್ಕೆಯವರೇ, ಸಭೆಯ ಶುರುವಿನಲ್ಲೇ ಒಂದು ತಪ್ಪು ಕಲ್ಪನೆ ತೆಗೆದುಬಿಡಿ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ನಮ್ಮ ಸುಪ್ರೀಂ ಕೋರ್ಟಿನ ಮೇಲಿನ ಕೋರ್ಟಲ್ಲ, ಇಲ್ಲಿ ಸೋತವರು ಅಲ್ಲಿಗೆ ಅಪೀಲು ಹೋಗಲು ಬರುವುದಿಲ್ಲ. ಅದರ ಸಂವಿಧಿಯ, ಅಂದರೆ ಆ ನ್ಯಾಯಾಲಯದ ಮೂಲ ನಿಯಮಾವಳಿಯ, 34ನೇ ವಿಧಿಯ ಪ್ರಕಾರ ವಾದಿ, ಪ್ರತಿವಾದಿ ಎರಡೂ ದೇಶಗಳೇ ಆಗಿರಬೇಕು. ಬೋಟಿನ ಮಾಲೀಕರಾಗಲಿ ಸಹಕಾರ ಸಂಘವಾಗಲಿ ಕರ್ನಾಟಕ ಸರಕಾರವಾಗಲಿ ಅಲ್ಲಿ ಅರ್ಜಿ ಹಾಕಲು ಆಗದು. ದೆಹಲಿ ಮನಸ್ಸು ಮಾಡಬೇಕು.

ಅದಾದ ಮೇಲೆ ಮುಖ್ಯ ವಿಷಯ: ಒಪ್ಪಿಗೆ. ಎದುರು ದೇಶ ಒಪ್ಪಿರದಿದ್ದರೆ ಆ 15 ನ್ಯಾಯಾಧೀಶರು ಎಷ್ಟೇ ದೊಡ್ಡ ಅನ್ಯಾಯದ ಬಗ್ಗೆಯೂ ತೀರ್ಪು ಕೊಡುವ ಹಾಗಿಲ್ಲ. ಒಪ್ಪಿಗೆ ಅಂದರೆ ಒಂದು ಕಾಗದ. ಜಗಳ ಆದ ಮೇಲೆ ಇಬ್ಬರೂ ಕೂತು ಬರೆದುಕೊಂಡ ವಿಶೇಷ ಒಪ್ಪಂದ ಇರಬಹುದು. ಹಳೆಯ ಯಾವುದಾದರೂ ಒಡಂಬಡಿಕೆಯಲ್ಲಿ "ತಕರಾರು ಬಂದರೆ ಹೇಗ್‌ಗೆ" ಎಂದು ಒಂದು ಕಲಮು ಇರಬಹುದು. ಅಥವಾ ಎರಡೂ ದೇಶಗಳು 36ನೇ ವಿಧಿಯ ಎರಡನೇ ಉಪವಿಧಿಯಂತೆ "ಕೇಸು ಹಾಕಿದರೆ ಬರುತ್ತೇವೆ" ಎಂದು ಮೊದಲೇ ಘೋಷಣೆ ಕೊಟ್ಟಿರಬಹುದು. ಅಪರೂಪಕ್ಕೆ, ಕರೆದ ಮೇಲೆ "ಆಯಿತು, ಬರುತ್ತೇನೆ" ಎಂದು ಬಂದ ದೇಶಗಳೂ ಇವೆ. ಈ ನಾಲ್ಕರಲ್ಲಿ ಒಂದೂ ಇಲ್ಲದಿದ್ದರೆ ಕೇಸು ಬಾಗಿಲಲ್ಲೇ ಬೀಳುತ್ತದೆ.

ಇದಕ್ಕೆ ಭಾರತ ಮತ್ತು ಪಾಕಿಸ್ತಾನದ್ದೇ ಎರಡು ಕೇಸುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿ, ಎಲ್ಲರಿಗೂ ಅರ್ಥವಾಗುತ್ತದೆ. 1999ರ ಆಗಸ್ಟ್ 10ರಂದು ಕಛ್ ಭಾಗದಲ್ಲಿ ಪಾಕಿಸ್ತಾನ ನೌಕಾಪಡೆಯ ಅಟ್ಲಾಂಟಿಕ್ ಎಂಬ ವಿಮಾನವನ್ನು ನಮ್ಮ ವಾಯುಪಡೆ ಹೊಡೆದುರುಳಿಸಿತು. ಪಾಕಿಸ್ತಾನ ಹೇಗ್‌ಗೆ ಹೋಯಿತು. ಭಾರತದ 1974ರ ಘೋಷಣೆಯಲ್ಲಿ, ಪಾಕಿಸ್ತಾನವೂ ಸೇರಿದ ಕಾಮನ್‌ವೆಲ್ತ್ ಕೂಟದ ದೇಶಗಳ ಜೊತೆಗಿನ ತಕರಾರನ್ನು ಹೊರಗಿಟ್ಟಿತ್ತು. 2000ದ ಜೂನ್ 21ರಂದು, ಕೇಸಿಗೆಂದು ದೇಶಗಳು ನೇಮಿಸುವ ತಾತ್ಕಾಲಿಕ ನ್ಯಾಯಾಧೀಶರೂ ಸೇರಿ, 14ಕ್ಕೆ 2 ಮತಗಳಿಂದ ನ್ಯಾಯಾಲಯ "ನಮಗೆ ಅಧಿಕಾರವ್ಯಾಪ್ತಿ ಇಲ್ಲ" ಎಂದಿತು. ವಿಮಾನ ಯಾರ ಆಕಾಶದಲ್ಲಿತ್ತು ಎಂಬ ಪ್ರಶ್ನೆಯ ಹತ್ತಿರಕ್ಕೂ ಹೋಗಲಿಲ್ಲ.

2017ರಲ್ಲಿ ಕುಲಭೂಷಣ್ ಜಾಧವ್ ವಿಷಯದಲ್ಲಿ ಭಾರತ ಹೋದಾಗ ಆ ಘೋಷಣೆಯನ್ನು ಮುಟ್ಟಲೇ ಇಲ್ಲ. ಕಾನ್ಸುಲರ್ ಸಂಬಂಧಗಳ ವಿಯೆನ್ನಾ ಒಪ್ಪಂದಕ್ಕೆ ಒಂದು ಐಚ್ಛಿಕ ಪ್ರೋಟೊಕಾಲ್ (ಬೇಕಾದ ದೇಶ ಸೇರಬಹುದಾದ ಪೂರಕ ಒಪ್ಪಂದ) ಉಂಟು, ಎರಡೂ ದೇಶಗಳು ಅದರೊಳಗೆ ಇದ್ದವು. ಅದರ 1ನೇ ವಿಧಿ ಸಾಕಾಯಿತು. ಮೇ 8ಕ್ಕೆ ಅರ್ಜಿ, ಮೇ 18ಕ್ಕೆ ಗಲ್ಲು ತಡೆಯುವ ಮಧ್ಯಂತರ ಆದೇಶ, 2019ರ ಜುಲೈ 17ಕ್ಕೆ 15-1ರ ತೀರ್ಪು. ಆದರೆ ಬಾಗಿಲು ಎಷ್ಟು ತೆರೆದಿದೆಯೋ ಅಷ್ಟೇ ಒಳಗೆ ಹೋಗಲು ಸಾಧ್ಯ. ಪ್ರೋಟೊಕಾಲ್ ಇರುವುದು ಆ ಒಪ್ಪಂದದ ತಕರಾರಿಗಾಗಿ, ಇಲ್ಲಿ ತಕರಾರು ಕಾನ್ಸುಲರ್ ಭೇಟಿಯದು, ಅಂದರೆ ಸೆರೆಯಲ್ಲಿರುವವರನ್ನು ಅವರ ದೇಶದ ಅಧಿಕಾರಿಗಳು ನೋಡುವ ಹಕ್ಕಿನದು. ಹಾಗಾಗಿ ಶಿಕ್ಷೆಯನ್ನು ಪರಿಣಾಮಕಾರಿಯಾಗಿ ಮರುಪರಿಶೀಲಿಸಿ ಎಂದು ಹೇಳಿತೇ ಹೊರತು ಶಿಕ್ಷೆ ರದ್ದು ಮಾಡಿ, ಬಿಡುಗಡೆ ಮಾಡಿ ಎಂಬ ಭಾರತದ ಬೇಡಿಕೆಯನ್ನು ಒಪ್ಪಲಿಲ್ಲ. ಪತ್ರಿಕೆಗಳಲ್ಲಿ "ಗೆಲುವು" ಎಂದು ಬಂದದ್ದನ್ನು ಓದುವಾಗ ಇದನ್ನು ಮರೆಯಬಾರದು.

ಈಗ ಇರುವುದು 2019ರ ಸೆಪ್ಟೆಂಬರ್ 27ರ ಹೊಸ ಘೋಷಣೆ. ಅದರಲ್ಲಿ ಕಾಮನ್‌ವೆಲ್ತ್ ವಿನಾಯಿತಿ ಹಾಗೆಯೇ ಉಂಟು. ಎದುರು ದೇಶ ತನ್ನ ಒಪ್ಪಿಗೆ ಕೊಟ್ಟು 12 ತಿಂಗಳಾಗದೆ ಹಾಕಿದ ಕೇಸನ್ನೂ ಹೊರಗಿಟ್ಟಿದ್ದಾರೆ. ಇಂಥ ಷರತ್ತು ಯಾಕೆ ಬೇಕು ಎಂಬುದಕ್ಕೆ ನಮ್ಮ ಕರಾವಳಿಗೆ ಹತ್ತಿರದ ಕಾರಣವೇ ಉಂಟು. ತನ್ನ ವಸಾಹತಾಗಿದ್ದ ದಾದ್ರಾ, ನಗರ್ ಹವೇಲಿಗೆ ಹೋಗುವ ದಾರಿಗಾಗಿ ಪೋರ್ಚುಗಲ್ 1955ರಲ್ಲಿ ಭಾರತವನ್ನು ಹೇಗ್‌ಗೆ ಎಳೆಯಿತು. ಡಿಸೆಂಬರ್ 19ಕ್ಕೆ ಒಪ್ಪಿಗೆ ಸಲ್ಲಿಸಿ 22ಕ್ಕೆ ಕೇಸು ಹಾಕಿತು, ನಡುವೆ ಮೂರೇ ದಿನ. ಇದು ಸರಿಯಲ್ಲ ಎಂದು ಭಾರತ ವಾದಿಸಿದರೂ 1957ರಲ್ಲಿ ನ್ಯಾಯಾಲಯ ಆ ತಕರಾರನ್ನು ತಳ್ಳಿಹಾಕಿತು. 1960ರ ಅಂತಿಮ ತೀರ್ಪು ಮಾತ್ರ ಪೋರ್ಚುಗಲ್‌ಗೆ ಹೆಚ್ಚು ಪ್ರಯೋಜನವಾಗಲಿಲ್ಲ: ಸಾಮಾನ್ಯ ಜನ, ನಾಗರಿಕ ಅಧಿಕಾರಿಗಳು, ಸರಕಿಗೆ ದಾರಿ ಉಂಟು, ಸೈನ್ಯಕ್ಕೂ ಶಸ್ತ್ರಾಸ್ತ್ರಕ್ಕೂ ಇಲ್ಲ, 1954ರಲ್ಲಿ ಭಾರತ ದಾರಿ ತಡೆದದ್ದು ತಪ್ಪೂ ಅಲ್ಲ.

ಮಂಗಳೂರಿನವರಾಗಿ ಒಂದು ಹೆಸರನ್ನು ಸಭೆಯಲ್ಲಿ ಹೇಳಲೇಬೇಕು. ಇಲ್ಲಿ ಹುಟ್ಟಿ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನೆಗಲ್ ನರಸಿಂಗ ರಾವ್ 1952ರಲ್ಲಿ ಆ ನ್ಯಾಯಾಲಯದ ನ್ಯಾಯಾಧೀಶರಾದರು, 1953ರ ನವೆಂಬರಿನಲ್ಲಿ ತೀರಿಕೊಂಡರು. ಅದೇ 1952ರಲ್ಲಿ ಇರಾನಿನ ತೈಲ ರಾಷ್ಟ್ರೀಕರಣದ ವಿರುದ್ಧ ಬ್ರಿಟನ್ ಹಾಕಿದ ಕೇಸಿನ ವಿಚಾರಣೆ ನಡೆಯಿತು. ಆ ವಿಷಯ ಭದ್ರತಾ ಮಂಡಳಿಗೆ ಬಂದಾಗ ಅಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ಇವರೇ. ಹಾಗಾಗಿ ಪೀಠದಲ್ಲಿ ಕೂರದೆ ದೂರ ಉಳಿದರು. ಆ ಕೇಸು ಬಿದ್ದದ್ದೂ ಒಪ್ಪಿಗೆಯ ಮೇಲೆಯೇ: ಇರಾನ್ ಒಪ್ಪಿದ್ದು ಒಡಂಬಡಿಕೆಗಳ ತಕರಾರಿಗೆ, ಬ್ರಿಟನ್ ತಂದದ್ದು ಒಂದು ಕಂಪನಿಯ ಜೊತೆಗಿನ ಕರಾರು.

ಪಡುಕೆರೆ:

ಕೊಡಿಯಾಲ್‌ಬೈಲ್ ಸರ್ ಹೇಳಿದ್ದು ಹೇಗ್ ವಿಷಯ. ಸಮುದ್ರಕ್ಕೆ ಬೇರೆ ಏರ್ಪಾಡು ಉಂಟು, ಬೋಟಿನವರಿಗೆ ಅದೇ ಹತ್ತಿರ. ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ, ಎಲ್ಲರೂ ಅನ್‌ಕ್ಲಾಸ್ ಅನ್ನುತ್ತಾರೆ. ಭಾರತ ಅದನ್ನು ಸ್ಥಿರೀಕರಿಸಿದ್ದು 1995ರ ಜೂನ್ 29ರಂದು. ಇದಕ್ಕೆ ಸೇರುವಾಗಲೇ ತಕರಾರು ತೀರ್ಮಾನದ ವ್ಯವಸ್ಥೆಗೂ ಒಪ್ಪಿದ ಹಾಗೆ, ಕೆಲವು ವಿನಾಯಿತಿ ಬಿಟ್ಟು. ಹ್ಯಾಂಬರ್ಗಿನ 21 ನ್ಯಾಯಾಧೀಶರ ನ್ಯಾಯಮಂಡಳಿ, ಹೇಗ್ ನ್ಯಾಯಾಲಯ, ಮಧ್ಯಸ್ಥಿಕೆ ಮಂಡಳಿ ಇವುಗಳಲ್ಲಿ ಯಾವುದು ಬೇಕೆಂದು ದೇಶಗಳು 287ನೇ ವಿಧಿಯಲ್ಲಿ ಬರೆದುಕೊಡಬಹುದು. ಇಬ್ಬರ ಆಯ್ಕೆ ಹೊಂದದಿದ್ದರೆ, ಅಥವಾ ಒಬ್ಬರು ಏನೂ ಬರೆಯದಿದ್ದರೆ, ಏಳನೇ ಅನುಬಂಧದ ಐದು ಜನರ ಮಧ್ಯಸ್ಥಿಕೆ ಮಂಡಳಿಗೆ ಹೋಗುತ್ತದೆ. 2012ರಲ್ಲಿ ಕೇರಳದ ಬೋಟಿಗೆ ಗುಂಡು ಹಾರಿಸಿದ ಇಟಲಿ ಹಡಗು ಎನ್ರಿಕಾ ಲೆಕ್ಸಿಯ ಕೇಸಿನಲ್ಲಿ ಆದದ್ದು ಅದೇ. ಇಟಲಿ ಆಯ್ಕೆ ಬರೆದಿತ್ತು, ಭಾರತ ಬರೆದಿರಲಿಲ್ಲ.

ಆ ಕೇಸನ್ನು ಸ್ವಲ್ಪ ನಿಧಾನವಾಗಿ ನೋಡುವ, ಯಾಕೆಂದರೆ ನಮ್ಮ ಬೋಟುಗಳಿಗೂ ನಾಳೆ ಬರಬಹುದಾದ ಪರಿಸ್ಥಿತಿ ಅದು. 2012ರ ಫೆಬ್ರವರಿ 15, ಕೇರಳ ಕರಾವಳಿಯಿಂದ ಸುಮಾರು 20.5 ನಾಟಿಕಲ್ ಮೈಲು. ನಮ್ಮ ಪ್ರಾದೇಶಿಕ ಸಮುದ್ರ ಮುಗಿಯುವುದು 12ಕ್ಕೆ. ಇಟಲಿ ಧ್ವಜದ ತೈಲ ಹಡಗಿನಲ್ಲಿದ್ದ ನೌಕಾ ಸೈನಿಕರು ಕಡಲ್ಗಳ್ಳರೆಂದು ತಿಳಿದು ಸೇಂಟ್ ಆಂಟನಿ ಎಂಬ ಬೋಟಿಗೆ ಗುಂಡು ಹಾರಿಸಿದರು, ಇಬ್ಬರು ಮೀನುಗಾರರು ಸತ್ತರು. 2013ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟು, ಇದು ಕೇರಳದ ವ್ಯಾಪ್ತಿ ಅಲ್ಲ, ಕೇಂದ್ರ ಸರಕಾರ ವಿಶೇಷ ಕೋರ್ಟು ಮಾಡಬೇಕು ಎಂದಿತು. 2015ರಲ್ಲಿ ಇಟಲಿ ಮಧ್ಯಸ್ಥಿಕೆಗೆ ಹೋಯಿತು. ಮಂಡಳಿ ರಚನೆಯಾಗುವವರೆಗೆ ಕಾಯಲಾಗದೆ ಹ್ಯಾಂಬರ್ಗಿನಲ್ಲಿ ಮಧ್ಯಂತರ ಆದೇಶ ಕೇಳಿತು. ಆಗಸ್ಟ್ 24ಕ್ಕೆ ಆದೇಶ ಬಂತು: ಎರಡೂ ದೇಶಗಳು ತಮ್ಮ ಕೋರ್ಟು ಕಲಾಪ ನಿಲ್ಲಿಸಬೇಕು.

ಅಂತಿಮ ನಿರ್ಣಯ 2020ರ ಮೇ 21ರದ್ದು. ಇದರಲ್ಲಿ ಎರಡು ಭಾಗ ಉಂಟು, ಜನ ಒಂದನ್ನೇ ನೆನಪಿಟ್ಟುಕೊಂಡಿದ್ದಾರೆ. ಸೈನಿಕರು ಸರಕಾರಿ ಕೆಲಸದಲ್ಲಿದ್ದವರು, ಅವರಿಗೆ ರಕ್ಷಣೆ ಉಂಟು, ಭಾರತ ಕ್ರಿಮಿನಲ್ ಕೇಸು ನಡೆಸುವ ಹಾಗಿಲ್ಲ ಎಂಬುದು 3-2ರ ಬಹುಮತದಲ್ಲಿ ಇಟಲಿಯ ಕಡೆಗೆ ಬಂತು. ಸೇಂಟ್ ಆಂಟನಿಯ ಸಂಚಾರ ಸ್ವಾತಂತ್ರ್ಯಕ್ಕೆ ಅಡ್ಡಿ ಮಾಡಿ ಇಟಲಿ ಒಪ್ಪಂದದ 87 ಮತ್ತು 90ನೇ ವಿಧಿ ಮುರಿಯಿತು, ಜೀವಹಾನಿಗೆ, ದೈಹಿಕ ಹಾನಿಗೆ, ಬೋಟಿನ ನಷ್ಟಕ್ಕೆ, ಮಾನಸಿಕ ಯಾತನೆಗೆ ಪರಿಹಾರ ಕೊಡಬೇಕು ಎಂಬುದು ಭಾರತದ ಕಡೆಗೆ. ಮೊತ್ತವನ್ನು ಎರಡೂ ದೇಶಗಳು ಮಾತಾಡಿ 10 ಕೋಟಿ ರೂಪಾಯಿ ಎಂದು ನಿಗದಿ ಮಾಡಿದವು. ಎರಡು ಕುಟುಂಬಗಳಿಗೆ ತಲಾ 4 ಕೋಟಿ, ಬೋಟಿನ ಮಾಲೀಕರಿಗೆ 2 ಕೋಟಿ. ಹಣ ಕೈಗೆ ಬಂದು ಠೇವಣಿಯಾದ ಮೇಲೆಯೇ 2021ರ ಜೂನ್ 15ರಂದು ಸುಪ್ರೀಂ ಕೋರ್ಟು ಇಲ್ಲಿನ ಕೇಸು ಮುಗಿಸಿದ್ದು. ಮೊದಲು ಹಣ, ಆಮೇಲೆ ಮುಕ್ತಾಯ. ಈ ಕ್ರಮವನ್ನು ಬಿಡದೆ ಹಿಡಿದದ್ದು ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಭಾರತ ಮಾಡಿದ ಅತಿ ಒಳ್ಳೆಯ ಕೆಲಸ.

ಬೋಟು ಹಿಡಿದುಕೊಂಡು ಹೋದರೆ? ಅದಕ್ಕೆ 73 ಮತ್ತು 292ನೇ ವಿಧಿ. ಬೇರೆ ದೇಶದ ವಿಶೇಷ ಆರ್ಥಿಕ ವಲಯದಲ್ಲಿ, ಅಂದರೆ 12ರಿಂದ 200 ನಾಟಿಕಲ್ ಮೈಲಿನ ನಡುವೆ, ಮೀನು ಹಿಡಿದ ತಪ್ಪಿಗೆ ಹಿಡಿದರೆ ನ್ಯಾಯವಾದ ಬಾಂಡ್ ತೆಗೆದುಕೊಂಡು ಬೋಟನ್ನೂ ಜನರನ್ನೂ ಬೇಗ ಬಿಡಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ ಜೈಲು ಶಿಕ್ಷೆ ಕೊಡುವ ಹಾಗಿಲ್ಲ. ಎಲ್ಲಿ ಕೇಳುವುದೆಂದು 10 ದಿನದೊಳಗೆ ಎರಡೂ ದೇಶ ಒಪ್ಪದಿದ್ದರೆ ಹ್ಯಾಂಬರ್ಗಿಗೆ ಹೋಗಬಹುದು. ಅಲ್ಲಿ ಇಂಥ ಅರ್ಜಿಗೆ ಮೊದಲ ಸ್ಥಾನ: 15 ದಿನದೊಳಗೆ ವಿಚಾರಣೆ ಇಡಬೇಕು, ವಿಚಾರಣೆ ಮುಗಿದ 14 ದಿನದೊಳಗೆ ತೀರ್ಪು. 1997ರಲ್ಲಿ ಆ ನ್ಯಾಯಮಂಡಳಿಯ ಮೊತ್ತಮೊದಲ ಕೇಸೇ ಇಂಥದ್ದು. ಗಿನಿ ದೇಶ ಹಿಡಿದಿದ್ದ ಸೈಗಾ ಎಂಬ ಹಡಗನ್ನು 4 ಲಕ್ಷ ಡಾಲರಿನ ಭದ್ರತೆಯ ಮೇಲೆ ಬಿಡಿಸಿದರು.

ಇದರಲ್ಲಿ ಎಡವುವ ಜಾಗ ಮೂರು. ಅರ್ಜಿ ಹಾಕುವುದು ಬೋಟಿನ ಧ್ವಜದ ದೇಶ, ಅಥವಾ ಆ ದೇಶ ಅಧಿಕಾರಪತ್ರ ಕೊಟ್ಟ ವಕೀಲರು. ಅಧಿಕಾರಪತ್ರ ಇಲ್ಲದೆ ಮಾಲೀಕರು ನೇರ ಹೋದರೆ ತೆಗೆದುಕೊಳ್ಳುವುದಿಲ್ಲ. 12 ಮೈಲಿನ ಒಳಗೆ ಹೋಗಿ ಸಿಕ್ಕಿಬಿದ್ದರೆ 73ನೇ ವಿಧಿಯ ರಕ್ಷಣೆಯೇ ಇಲ್ಲ, ಆ ದೇಶದ ಕಾನೂನಿನಂತೆ ಜೈಲು. ಹಿಡಿದ ದೇಶ ಒಪ್ಪಂದದೊಳಗೆ ಇರಲೂಬೇಕು. ಪಾಕಿಸ್ತಾನ, ಒಮಾನ್, ಶ್ರೀಲಂಕಾ ಇವೆ. ಇರಾನ್ ಸಹಿ ಹಾಕಿದ್ದಷ್ಟೇ, ಸ್ಥಿರೀಕರಿಸಿಲ್ಲ, ಅವರನ್ನು ಈ ದಾರಿಯಲ್ಲಿ ಹ್ಯಾಂಬರ್ಗಿಗೆ ಕರೆಯಲಾಗದು.

ಮಲ್ಪೆ ದಕ್ಕೆ:

ಇಬ್ಬರಿಗೂ ತುಂಬ ಉಪಕಾರ. ಎರಡು ಬಾಕಿ ಉಳಿಯಿತು. ಪೊಲೀಸರಿಲ್ಲದ ಕೋರ್ಟಿನ ವಿಷಯ ಒಂದು. ಇನ್ನೊಂದು, ಹೆಚ್ಚಾಗಿ ಆಗುವುದು ಗುಂಡೇಟಲ್ಲ, ಡಿಕ್ಕಿ. 2021ರ ಏಪ್ರಿಲ್‌ನಲ್ಲಿ ಮಂಗಳೂರಿನಿಂದ 40ಕ್ಕೂ ಹೆಚ್ಚು ನಾಟಿಕಲ್ ಮೈಲು ಹೊರಗೆ ಕೇರಳದ ಬೇಪೂರಿನ ಬೋಟಿಗೆ ಸಿಂಗಾಪುರ ಧ್ವಜದ ಹಡಗು ಗುದ್ದಿತಲ್ಲ, ಅಂಥದ್ದು.

ಬಲ್ಮಠ:

ಪೊಲೀಸರ ಪ್ರಶ್ನೆಗೆ ನಾನು ಬರೆಯುತ್ತೇನೆ. ವಿಶ್ವಸಂಸ್ಥೆಯ ಸನ್ನದಿನ 94ನೇ ವಿಧಿಯ ಪ್ರಕಾರ ಹೇಗ್ ತೀರ್ಪು ಪಾಲಿಸಲೇಬೇಕು. ಪಾಲಿಸದಿದ್ದರೆ ಗೆದ್ದ ದೇಶ ಭದ್ರತಾ ಮಂಡಳಿಗೆ ಹೋಗಬಹುದು. ಅಲ್ಲಿ ಐದು ದೇಶಗಳಿಗೆ ವೀಟೋ. 1986ರ ಜೂನ್ 27ರಂದು ನಿಕರಾಗುವಾ ಅಮೆರಿಕದ ವಿರುದ್ಧ ಗೆದ್ದಿತು, ಅಕ್ಟೋಬರಿನಲ್ಲಿ ಭದ್ರತಾ ಮಂಡಳಿಗೆ ಹೋದಾಗ ಅಮೆರಿಕವೇ ವೀಟೋ ಹಾಕಿತು. 2016ರ ಜುಲೈ 12ರ ದಕ್ಷಿಣ ಚೀನಾ ಸಮುದ್ರದ ನಿರ್ಣಯವನ್ನು ಚೀನಾ ಒಪ್ಪಲೇ ಇಲ್ಲ. 2022ರ ಮಾರ್ಚ್ 16ರಂದು ಯುಕ್ರೇನಿನಲ್ಲಿ ಸೈನಿಕ ಕಾರ್ಯಾಚರಣೆ ನಿಲ್ಲಿಸಿ ಎಂದು ಹೇಗ್ ಹೇಳಿತು, ರಷ್ಯಾ ನಿಲ್ಲಿಸಲಿಲ್ಲ. ಇವನ್ನು ಸಭೆಯಲ್ಲಿ ಮುಚ್ಚಿಡಬೇಡಿ.

ಆದರೆ ಗಡಿಯ ಕೇಸುಗಳ ಕಥೆ ಬೇರೆ. ಲಿಬಿಯಾ ಮತ್ತು ಚಾಡ್ ಔಝು ಪಟ್ಟಿಗಾಗಿ ಯುದ್ಧವನ್ನೇ ಮಾಡಿದ್ದವು. 1994ರ ಫೆಬ್ರವರಿ 3ರಂದು ತೀರ್ಪು ಚಾಡ್ ಕಡೆ ಬಂತು, ಮೇ ಕೊನೆಯೊಳಗೆ ಲಿಬಿಯಾ ಸೈನ್ಯ ವಿಶ್ವಸಂಸ್ಥೆಯ ವೀಕ್ಷಕರ ಎದುರು ಹಿಂದೆ ಹೋಯಿತು. ಬಕಾಸಿ ಪರ್ಯಾಯದ್ವೀಪ ಕ್ಯಾಮರೂನಿಗೆ ಎಂದು 2002ರಲ್ಲಿ ಹೇಳಿದ್ದನ್ನು ನೈಜೀರಿಯಾ ಮೊದಲು ಒಪ್ಪದಿದ್ದರೂ 2006ರಲ್ಲಿ ಒಪ್ಪಂದ ಮಾಡಿಕೊಂಡು 2008ರ ಆಗಸ್ಟಿನಲ್ಲಿ ಪೂರ್ತಿ ಬಿಟ್ಟುಕೊಟ್ಟಿತು. ಕಾಂಗೋಗೆ 32.5 ಕೋಟಿ ಡಾಲರ್ ಕೊಡಿ ಎಂದು 2022ರಲ್ಲಿ ಉಗಾಂಡಾಕ್ಕೆ ಹೇಳಿದಾಗ ಐದು ವಾರ್ಷಿಕ ಕಂತು ಮಾಡಿಕೊಟ್ಟರು, 6.5 ಕೋಟಿಯ ಮೊದಲ ಕಂತು ಆ ವರ್ಷವೇ ಪಾವತಿಯಾಯಿತು.

ನಮ್ಮದೇ ಉದಾಹರಣೆ ಬಂಗಾಳ ಕೊಲ್ಲಿ. ಬಾಂಗ್ಲಾದೇಶ 2009ರಲ್ಲಿ ಭಾರತದ ಮೇಲೆ ಮಧ್ಯಸ್ಥಿಕೆಗೆ ಹೋಯಿತು. 2014ರ ಜುಲೈ 7ರ ನಿರ್ಣಯದಲ್ಲಿ ವಿವಾದದ 25,602 ಚದರ ಕಿಲೋಮೀಟರಿನಲ್ಲಿ 19,467 ಅವರ ಪಾಲಿಗೆ ಹೋಯಿತು. ಭಾರತ ಒಪ್ಪಿಕೊಂಡಿತು. ದೊಡ್ಡ ದೇಶ ಯಾಕೆ ಒಪ್ಪುತ್ತದೆ? ಗೆರೆ ಖಚಿತವಾಗದ ಸಮುದ್ರದಲ್ಲಿ ಯಾವ ಕಂಪನಿಯೂ ಹಣ ಹಾಕಿ ಅನಿಲಕ್ಕೆ ಬಾವಿ ಕೊರೆಯುವುದಿಲ್ಲ, ಮೀನುಗಾರರನ್ನು ಹಿಡಿಯುವುದು ಬಿಡುವುದು ಮುಗಿಯುವುದಿಲ್ಲ. ಸೋತರೂ ಗೆರೆ ಸಿಕ್ಕಿತು. ಅದಲ್ಲದೆ ಇಂದು ಸೋತ ನಿರ್ಣಯವನ್ನು ಒದ್ದವನು ನಾಳೆ ಗೆದ್ದದ್ದನ್ನು ಯಾವ ಮುಖದಲ್ಲಿ ಕೇಳುವುದು? ಇಟಲಿಯಿಂದ 10 ಕೋಟಿ ಬಂದದ್ದು 2014ರ ಆ ನಿರ್ಣಯದ ಸುಮಾರು ಏಳು ವರ್ಷದ ನಂತರ ಎಂಬುದನ್ನು ಗಮನಿಸಿ.

ಕೊನೆಯ ತೀರ್ಪು ಮಾತ್ರ ಬಂಧನಕಾರಿ, ಮಧ್ಯಂತರ ಆದೇಶ ಬರೀ ಸಲಹೆ ಅಂತ ಸಭೆಯಲ್ಲಿ ಸೇರಿಸಿ.

ಕೊಡಿಯಾಲ್‌ಬೈಲ್:

ಬಲ್ಮಠದವರೇ, ಕೊನೆಯ ಸಾಲು ತಿದ್ದಬೇಕು. ಮೊದಲು ಆ ವಿಷಯದಲ್ಲಿ ವಾದ ಇತ್ತು ನಿಜ. 1999ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಜರ್ಮನಿಯ ಲಾಗ್ರಾಂಡ್ ಎಂಬವರ ಮರಣದಂಡನೆ ತಡೆಯಲು ಹೇಗ್ ಆದೇಶ ಕೊಟ್ಟಿತು, ಅದೇ ದಿನ ಶಿಕ್ಷೆ ಜಾರಿ ಮಾಡಿದರು. 2001ರ ಜೂನ್ 27ರ ತೀರ್ಪಿನಲ್ಲಿ ನ್ಯಾಯಾಲಯ 41ನೇ ವಿಧಿಯ ಮಧ್ಯಂತರ ಆದೇಶವೂ ಬಂಧನಕಾರಿ ಎಂದು ಸ್ಪಷ್ಟ ಮಾಡಿತು. ಜಾಧವ್ ಕೇಸಿನಲ್ಲಿ ಹತ್ತು ದಿನದಲ್ಲಿ ಬಂದ ಮಧ್ಯಂತರ ಆದೇಶಕ್ಕೆ ಬೆಲೆ ಬಂದದ್ದು ಇದರಿಂದ. ಸಲಹೆ ಎಂದು ಕರೆಯಬಹುದಾದದ್ದು ಸಲಹಾ ಅಭಿಪ್ರಾಯ, ಅದನ್ನು ಕೇಳುವುದು ವಿಶ್ವಸಂಸ್ಥೆಯ ಅಂಗಗಳು, ದೇಶಗಳಲ್ಲ.

ಇನ್ನು ಡಿಕ್ಕಿ. ಇದರಲ್ಲಿ ಹೇಗ್, ಹ್ಯಾಂಬರ್ಗ್ ಎರಡನ್ನೂ ಮರೆತು ಬೆಂಗಳೂರು ನೆನಪಿಡಿ. 12 ಮೈಲಿನ ಹೊರಗೆ ಡಿಕ್ಕಿಯಾದರೆ ಕ್ಯಾಪ್ಟನನ ಮೇಲೆ ಕ್ರಿಮಿನಲ್ ಕೇಸು ನಡೆಸುವ ಅಧಿಕಾರ ಅನ್‌ಕ್ಲಾಸಿನ 97ನೇ ವಿಧಿಯ ಪ್ರಕಾರ ಹಡಗಿನ ಧ್ವಜದ ದೇಶಕ್ಕೆ ಅಥವಾ ಅವನ ಸ್ವಂತ ದೇಶಕ್ಕೆ ಮಾತ್ರ. ಲೋಟಸ್ ಎಂಬ ಫ್ರೆಂಚ್ ಹಡಗು ಟರ್ಕಿಯ ಹಡಗಿಗೆ ಗುದ್ದಿದ ಕೇಸಿನ 1927ರ ತೀರ್ಪಿನಲ್ಲಿ ಹಳೆಯ ಹೇಗ್ ನ್ಯಾಯಾಲಯ, ಎಂಟು ಜನ ಸತ್ತ ಟರ್ಕಿಗೂ ಆ ಅಧಿಕಾರ ಉಂಟು ಎಂದಿತ್ತು. ಹಡಗಿನವರು ಹೆದರಿದರು, ದೇಶಗಳು ಮುಂದೆ ಒಪ್ಪಂದ ಬರೆದು ಆ ನಿಯಮವನ್ನೇ ತಿರುಗಿಸಿದವು.

ಆದರೆ ಪರಿಹಾರದ ಹಣಕ್ಕೆ ದಾರಿ ತೆರೆದೇ ಉಂಟು. 2017ರ ಅಡ್ಮಿರಾಲ್ಟಿ ಕಾಯ್ದೆ (ಹಡಗುಗಳ ಮೇಲಿನ ದಾವೆಗಳ ಕಾನೂನು) 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಕರ್ನಾಟಕ ಹೈಕೋರ್ಟಿಗೆ ಅದರಲ್ಲಿ ಅಧಿಕಾರ ಕೊಟ್ಟಿದ್ದಾರೆ. ಕೇಸು ಹಾಕುವುದು ಹಡಗಿನ ಮೇಲೆಯೇ. ಹಡಗು ಪಣಂಬೂರಿನ ಬಂದರಿನಲ್ಲೋ ಕರ್ನಾಟಕದ ಪ್ರಾದೇಶಿಕ ಸಮುದ್ರದಲ್ಲೋ ಇರುವಾಗ ಅರೆಸ್ಟ್ ಆದೇಶ ತರಬೇಕು. ಕೊಚ್ಚಿಗೆ ಹೋಗಿದ್ದರೆ ಕೇರಳ ಹೈಕೋರ್ಟು. ಸಿಗದಿದ್ದರೆ ಅದೇ ಮಾಲೀಕರ ಇನ್ನೊಂದು ಹಡಗು ಬಂದಾಗಲೂ ಹಿಡಿಯಬಹುದು. ಅರೆಸ್ಟಾದ ಹಡಗಿಗೆ ದಿನದ ಖರ್ಚು ಏರುತ್ತಾ ಹೋಗುತ್ತದೆ, ಹಾಗಾಗಿ ಮಾಲೀಕರು ಬ್ಯಾಂಕ್ ಗ್ಯಾರಂಟಿ ಅಥವಾ ಹಡಗು ಮಾಲೀಕರ ವಿಮಾ ಕೂಟದ ಖಾತರಿ ಪತ್ರ ಕೊಟ್ಟು ಬಿಡಿಸಿಕೊಳ್ಳುತ್ತಾರೆ. ಮುಂದಿನ ವಾದ ಆ ಭದ್ರತೆಯ ಮೇಲೆ. ಜೀವಹಾನಿ, ಗಾಯ, ಬೋಟಿನ ನಷ್ಟಕ್ಕೆ ಹಡಗಿನ ಮೇಲೆ ಇರುವ ವಿಶೇಷ ಹಕ್ಕು ಒಂದು ವರ್ಷಕ್ಕೆ ಮುಗಿಯುತ್ತದೆ. ಪೊಲೀಸ್ ಎಫ್‌ಐಆರ್ ಆಗಿದೆ, ಸರಕಾರ ನೋಡುತ್ತದೆ ಎಂದು ಕಾದು ಆ ವರ್ಷ ಕಳೆದುಕೊಳ್ಳಬಾರದು.

ಮಲ್ಪೆ ದಕ್ಕೆ:

ಇದು ಯಾರಿಗೂ ಗೊತ್ತಿರಲಿಲ್ಲ ಸರ್. ಹಾಗಾದರೆ ಸಮುದ್ರದಲ್ಲಿ ಆ ಕ್ಷಣ ತಾಂಡೇಲರು ಎಂತ ಮಾಡಬೇಕು? ಒಂದು ಹಾಳೆಯಲ್ಲಿ ಬರೆದು ವೀಲ್‌ಹೌಸಿನಲ್ಲಿ ಅಂಟಿಸುವ ಹಾಗೆ ಹೇಳಿದರೆ ಒಳ್ಳೆಯದು.

ಪಡುಕೆರೆ:

ಮೊದಲು ಜೀವ. ವಿಎಚ್‌ಎಫ್ ರೇಡಿಯೊದ ತುರ್ತು ಚಾನೆಲ್ 16ರಲ್ಲಿ ಕರೆಯಿರಿ, ಫೋನು ಸಿಕ್ಕರೆ ಕೋಸ್ಟ್ ಗಾರ್ಡ್ 1554. ಅದೇ ಹೊತ್ತಿಗೆ ಒಬ್ಬ ಕಲಾಸಿ ಜಿಪಿಎಸ್‌ನಲ್ಲಿ ಆ ಜಾಗವನ್ನು ಪಾಯಿಂಟ್ ಮಾಡಿ ಸೇವ್ ಮಾಡಲಿ, ಅಕ್ಷಾಂಶ, ರೇಖಾಂಶ, ಗಂಟೆ, ನಿಮಿಷವನ್ನು ಪೆನ್ನಿನಲ್ಲೂ ಬರೆಯಲಿ. 11 ಮೈಲೋ 13 ಮೈಲೋ ಎಂಬುದರ ಮೇಲೆ ಕಾನೂನೇ ಬದಲಾಗುತ್ತದೆ. ದಡಕ್ಕೆ ಬಂದ ಮೇಲೆ ಆ ಜಿಪಿಎಸ್ ಸೆಟ್ ರಿಪೇರಿಗೆ ಕೊಡಬೇಡಿ, ಹಳೆಯ ಟ್ರ್ಯಾಕ್ ಅಳಿಸಬೇಡಿ.

ಹಡಗಿನ ಹೆಸರಿಗಿಂತ ಮುಖ್ಯ ಐಎಂಒ ನಂಬರು, ಅಂದರೆ ಹಡಗಿನ ಗುರುತಿನ ಸಂಖ್ಯೆ, ಏಳು ಅಂಕೆ. ಹಡಗು ಮಾರಿ ಹೆಸರು, ಬಣ್ಣ, ಧ್ವಜ ಬದಲಾದರೂ ಅದು ಬದಲಾಗುವುದಿಲ್ಲ. ಹಿಂಭಾಗದಲ್ಲಿ ಹೆಸರಿನ ಹತ್ತಿರವೋ ಬದಿಯಲ್ಲೋ ದೊಡ್ಡದಾಗಿ ಬರೆದಿರುತ್ತಾರೆ, ಮೊಬೈಲಿನಲ್ಲಿ ಜೂಮ್ ಮಾಡಿ ಫೋಟೊ ತೆಗೆಯಿರಿ. ಹಿಂಭಾಗದಲ್ಲಿ ಹೆಸರಿನ ಕೆಳಗೆ ಇರುವ ಊರನ್ನೂ ಬರೆದುಕೊಳ್ಳಿ. ಅದು ಮಾಲೀಕರ ಊರಲ್ಲ, ನೋಂದಣಿಯ ಬಂದರು, ಧ್ವಜ ಯಾವುದೆಂದು ಅದರಿಂದ ತಿಳಿಯುತ್ತದೆ. ಮನ್ರೋವಿಯಾ ಎಂದಿದ್ದರೆ ಲೈಬೀರಿಯಾ, ಮಜುರೊ ಎಂದಿದ್ದರೆ ಮಾರ್ಷಲ್ ದ್ವೀಪಗಳು, ವ್ಯಾಲೆಟ್ಟಾ ಎಂದಿದ್ದರೆ ಮಾಲ್ಟಾ. ರಾತ್ರಿಯಾಗಿ ಏನೂ ಕಾಣದಿದ್ದರೆ ಯಾವ ದಿಕ್ಕಿನಿಂದ ಬಂದು ಯಾವ ದಿಕ್ಕಿಗೆ ಹೋಯಿತು, ಯಾವ ಬಣ್ಣದ ದೀಪ ಕಂಡಿತು ಎಂಬುದಾದರೂ ಇರಲಿ. ಹಡಗುಗಳು ತಾವು ಇರುವ ಜಾಗವನ್ನು ತಾವಾಗಿಯೇ ತಿಳಿಸುವ ಎಐಎಸ್ ವ್ಯವಸ್ಥೆಯ ದಾಖಲೆಯ ಜೊತೆ ಸಮಯವನ್ನು ಹೊಂದಿಸಿ ನೋಡಿದರೆ ಹಡಗು ಪತ್ತೆಯಾಗುತ್ತದೆ. ಗಡಿಯಾರ ಐದು ನಿಮಿಷ ತಪ್ಪಿದ್ದರೂ ಬೇರೆ ಹಡಗಿನ ಮೇಲೆ ಬೆರಳು ಹೋಗಬಹುದು, ಆದ್ದರಿಂದ ಜಿಪಿಎಸ್‌ನ ಸಮಯವನ್ನೇ ಬರೆಯಿರಿ.

ಗುದ್ದಿದ ಜಾಗದಲ್ಲಿ ಬೋಟಿಗೆ ಹಡಗಿನ ಬಣ್ಣ ಅಂಟಿದ್ದರೆ ಸರ್ವೇಯರ್ ಬಂದು ನೋಡುವವರೆಗೆ ತೊಳೆಯಬೇಡಿ, ಉಜ್ಜಬೇಡಿ, ಯಾರ್ಡಿಗೆ ಹಾಕಿ ಹಲಗೆ ಬದಲಿಸಬೇಡಿ. ಬೋಟಿನ ನೋಂದಣಿ ಪತ್ರ, ಮೀನುಗಾರಿಕೆ ಲೈಸೆನ್ಸ್, ಆ ಟ್ರಿಪ್ಪಿಗೆ ಹೋದವರ ಪಟ್ಟಿಯ ಒಂದೊಂದು ಪ್ರತಿ ದಡದಲ್ಲೇ ಇಟ್ಟಿರಿ. ಬೋಟಿನ ಜೊತೆ ಮುಳುಗಿದರೆ ಯಾರ್‍ಯಾರು ಇದ್ದರೆಂದು ತೋರಿಸಲಿಕ್ಕೂ ಕಷ್ಟ.